ರೀಡಿಂಗ್

ಇಪ್ಪತ್ತಾರು ವರ್ಷ ಕಾರವಾರದ ಗೇಟುಗಳಲ್ಲಿ ನಿಂತು
ಕರೆಂಟಿನ ಮೀಟರು ಓದಿದವನು ನಾನು.
ಸುಂಕೇರಿ, ನಂದನಗದ್ದಾ, ಕಾಜುಬಾಗ, ಕೋಡಿಬಾಗ:
ಮನೆಯವರ ಹೆಸರು ಮರೆತರೂ
ಅವರ ನಾಯಿ ಯಾವ ಕಡೆಯಿಂದ ಬರುತ್ತದೆಂದು ಮರೆತವನಲ್ಲ.
ಎಡಗಾಲಿನ ಮೀನಖಂಡದಲ್ಲಿ
ಮಹಾಲೆಯವರ ಜೂಲಿ ಕೊಟ್ಟ ನಾಲ್ಕು ಹಲ್ಲಿನ ರಸೀದಿ
ಇನ್ನೂ ಇದೆ.

ಅಂಥವನ ಮನೆಗೆ ನಾಯಿ ಬಂತು.
ಬೈತಖೋಲ ಬಂದರದ ಬಲೆಯ ರಾಶಿಯಲ್ಲಿ
ಸಿಕ್ಕಿಕೊಂಡಿತ್ತಂತೆ, ಮಗಳು ಎತ್ತಿ ತಂದಳು.
'ಎರಡು ದಿನದ ಪಾವ್ಣೊ, ಮೂರನೆಯ ದಿನ ಬಿಟ್ಟು ಬನ್ನಿ'
ಎಂದಳು ಸುಲಕ್ಷಾ, ಹಾಲಿಗೆ ನೀರು ಬೆರೆಸುತ್ತ.
ಪಾವ್ಣೊ ಎಂಬುದೇ ಹೆಸರಾಯಿತು.
ಒಂಬತ್ತು ವರ್ಷವಾಯಿತು,
ಮೂರನೆಯ ದಿನ ಇನ್ನೂ ಬಂದಿಲ್ಲ.

ಜಾಣನೇ? ಹೇಳುವುದು ಕಷ್ಟ.
ತನ್ನ ಸೀನಿಗೆ ತಾನೇ ಬೆಚ್ಚಿ
ಸೋಫಾದ ಹಿಂದೆ ಯಾರಿದ್ದಾರೆಂದು ನೋಡಿ ಬರುತ್ತಾನೆ.
ಚಪಾತಿಯ ಚೂರನ್ನು ನನ್ನ ಬೂಟಿನೊಳಗೆ ಹೂತು
ಮೂಗಿನಿಂದ ಮಣ್ಣು ಮುಚ್ಚುತ್ತಾನೆ,
ಇಲ್ಲದ ಮಣ್ಣು,
ಬಲು ಶ್ರದ್ಧೆಯಿಂದ.

ಆದರೆ ಮೀನು ಎಂದರೆ ಎದ್ದ.
ನುಸ್ತೆಂ ಎಂದು ಕೊಂಕಣಿಗೆ ಹೊರಳಿದೆವು; ವಾರದಲ್ಲಿ ಅದನ್ನೂ ಕಲಿತ.
ಮಗಳು ಇಂಗ್ಲಿಷಿನ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು;
ಅವನಿಗೆ ಹದಿನೈದು ದಿನ ಹಿಡಿಯಿತು,
ನನಗೆ ಇಡೀ ಏಳನೆಯ ಇಯತ್ತೆ ಹಿಡಿದಿತ್ತು.
ಈಗ ಯಾರೂ ಆ ಮಾತೆತ್ತುವುದಿಲ್ಲ.
ಚೀಲ ತೂಗುವ ಮೊಳೆಯ ಕಡೆ
ಸುಲಕ್ಷಾ ಸುಮ್ಮನೆ ನೋಡುತ್ತಾಳೆ,
ಅಷ್ಟರಲ್ಲಿ ಅವನು ಬಾಗಿಲಲ್ಲಿ.

ನನ್ನ ಬೆತ್ತದ ಕುರ್ಚಿ ಬೇಕಾದರೆ
ಅಂಗಳಕ್ಕೆ ಓಡಿ ಯಾರೋ ಬಂದಂತೆ ಬೊಗಳುತ್ತಾನೆ.
ನಾನೆದ್ದು ಗೇಟಿನ ತನಕ ಹೋಗಿ
ಖಾಲಿ ರಸ್ತೆಯನ್ನು 'ಯಾರು?' ಎಂದು ಕೇಳಿ ತಿರುಗುವಷ್ಟರಲ್ಲಿ
ಕುರ್ಚಿಯಲ್ಲಿ ಸುರುಳಿ ಸುತ್ತಿ ಮಲಗಿರುತ್ತಾನೆ,
ಒಂದು ರೆಪ್ಪೆ ಮಾತ್ರ ಕೂದಲಷ್ಟು ತೆರೆದು.
ಗೊತ್ತಿದ್ದೂ ಪ್ರತಿಸಲ ಏಳುತ್ತೇನೆ.
ಯಾರಾದರೂ ಬಂದಿದ್ದರೆ?
ಹಾಗಾದರೆ ನಮ್ಮಿಬ್ಬರಲ್ಲಿ…
ಇರಲಿ.

ಅವನ ನಿಜವಾದ ಕೆಲಸ ಸಂಜೆ ಐದೂವರೆಗೆ.
ಬೂಟು ಕಳಚುವ ಮೊದಲೇ ಪ್ಯಾಂಟಿನ ಅಂಚಿಗೆ ಮೂಗು ಹಚ್ಚಿ
ಮೊಣಕಾಲಿನವರೆಗೆ ಓದುತ್ತ ಬರುತ್ತಾನೆ, ಸಾಲು ಬಿಡದೆ.
ಕಾಜುಬಾಗದ ಕರಿಯನಿಗೆ ಜ್ವರ,
ಫೆರ್ನಾಂಡಿಸ್ ಬಾಯಿಯ ಬಿಳಿ ಹೆಣ್ಣು ಮರಿ ಹಾಕಿದ್ದಾಳೆ,
ಹಬ್ಬುವಾಡದಲ್ಲಿ ಒಬ್ಬ ಹೊಸಬ.
ಅಲ್ಲಿ ತಡೆದು, ಮತ್ತೊಮ್ಮೆ ಓದಿ, ನನ್ನ ಮುಖ ನೋಡುತ್ತಾನೆ.
ನಾನು ಮೀಟರಿನ ಮುಂದೆ ನಿಂತಂತೆಯೇ:
ತಲೆ ಓರೆ, ಉಸಿರು ಬಿಗಿ,
ಕೊನೆಯ ಅಂಕಿ ಆರೋ ಎಂಟೋ ಎಂಬ ಅನುಮಾನ.

ಹೋದ ವರ್ಷ ನನ್ನ ಮೊಣಕಾಲು ಕೈಕೊಟ್ಟಿತು.
ಆಫೀಸಿನಲ್ಲೇ ಕೂರಿಸಿದರು, ಫ್ಯಾನಿನ ಕೆಳಗೆ,
ಬಿಲ್ಲಿನ ದೂರು ಬರೆದುಕೊಳ್ಳುವ ಮೇಜು.
ಮೊದಲ ಸಂಜೆ ಪಾವ್ಣೊ ಪ್ಯಾಂಟನ್ನು
ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ ಓದಿದ.
ಶಾಯಿ, ಕಾಗದ, ಕ್ಯಾಂಟೀನಿನ ಚಹಾ.
ಚೀಲ ಮೂಸಿದ. ಬೂಟಿನೊಳಗೆ ಇಣುಕಿದ.
ತನ್ನದೇ ಹಳೆಯ ಚಪಾತಿ ಸಿಕ್ಕಿತು, ತಿನ್ನಲಿಲ್ಲ.
ಐದು ದಿನ ಹೀಗೇ.
ಆರನೆಯ ದಿನ ಐದೂವರೆಗೆ ಏಳಲೇ ಇಲ್ಲ,
ಬಾಲವನ್ನು ಎರಡು ಸಲ ನೆಲಕ್ಕೆ ಬಡಿದ,
ಮರ್ಯಾದೆಗೆ.

ಅಂದಿನಿಂದ ನಾನು ನೇರ ಮನೆಗೆ ಬರುವುದಿಲ್ಲ.
ಸುಲಕ್ಷಾಗೆ ಡಾಕ್ಟರರು ನಡೆಯಲು ಹೇಳಿದ್ದಾರೆಂದಿದ್ದೇನೆ.
ಕುಂಟುತ್ತ ಹಳೆಯ ಗೇಟು ನಾಲ್ಕಾರಕ್ಕೆ ಹೋಗಿ
ಪುಸ್ತಕವಿಲ್ಲದೆ, ಬರಿಗೈಯಲ್ಲಿ ನಿಲ್ಲುತ್ತೇನೆ.

ನಿನ್ನೆ ಮಹಾಲೆಯವರ ಗೇಟು.
ಜೂಲಿಗೆ ಈಗ ಕಣ್ಣಿಲ್ಲ, ಹಲ್ಲೂ ಅಷ್ಟಕ್ಕಷ್ಟೆ.
ಬೊಗಳದೆ ಎದ್ದು ಬಂದು, ಸರಳಿನ ಸಂದಿಯಿಂದ
ಎಡಗಾಲನ್ನೇ ಹುಡುಕಿ,
ಆ ಗುರುತಿನ ಮೇಲೆ ಮೂಗಿಟ್ಟು ನಿಂತುಬಿಟ್ಟಳು.
ಮಹಾಲೆ ಬಾಯಿ ಕಿಟಕಿಯಿಂದ ಕೂಗಿದರು:
'ಈ ತಿಂಗಳು ಎಷ್ಟು ಬಂತು?'
'ಇನ್ನೂ ನೋಡ್ತಾ ಇದ್ದಾಳೆ' ಎಂದೆ.